ಕುರಿಮದ್ದಿನ ಥರ್ಮಾಸು

ನಮ್ಮ ಮನೆಯಲ್ಲಿ ಎರಡು ಸಾವಿರ ಕುರಿಗಳಿವೆ. ನಮ್ಮಣ್ಣ ನರಸಣ್ಣನನ್ನು ಕೇಳಿದರೆ ಇನ್ನೂರು ಎನ್ನುತ್ತಾನೆ. ಅವನನ್ನು ಕೇಳಬೇಡಿ. ಇದ್ದದ್ದನ್ನು ಇದ್ದಷ್ಟೇ ಹೇಳುವ ಬಡ ಬಾಯಿ ಅವನದು. ನಮ್ಮ ಹೊಳಗುಂದದ ಬಿಸಿಲು ಎಂಥದೆಂದರೆ, ರೊಟ್ಟಿ ತಟ್ಟಿ ಕಟ್ಟೆಯ ಬಂಡೆಯ ಮೇಲೆ ಎಸೆದರೆ ಸಾಕು, ಬೆಂದು ಉಬ್ಬುತ್ತದೆ. ಹೋದ ಬೇಸಿಗೆಯಲ್ಲಿ ಒಂದು ರೊಟ್ಟಿ ಹೊತ್ತಿಕೊಂಡು ಪಕ್ಕದ ಬಣವೆಗೆ ಬೆಂಕಿ ತಗಲುವುದರಲ್ಲಿತ್ತು. ನಾನಿದ್ದೆನೆಂದು ಊರು ಉಳಿಯಿತು. ನಾನು ಹೀಗೆ ಏನಾದರೂ ಹೇಳಿದಾಗ ನಮ್ಮ ಮನೆಯವರು ಬೆರಳು ಮಡಚುತ್ತಾರೆ. ಉಚ್ಚಮ್ಮನ ಮಾತನ್ನು ಹತ್ತರಿಂದ ಭಾಗಿಸಿ ಕೇಳಬೇಕಂತೆ. ಆ ಲೆಕ್ಕ ಕಲಿಸಿದವನೂ ನಮ್ಮಣ್ಣನೇ.

ಆ ಉಚ್ಚಮ್ಮ ನಾನು. ನನ್ನ ಗಂಡನ ಮನೆ ಹಾಲಹರವಿಯ ಕಡೆ, ಅರಮನೆಯಂಥ ಮನೆ. ಅಲ್ಲಿನ ಜನ ನನ್ನ ಯೋಗ್ಯತೆಗೆ ಸರಿಬರಲಿಲ್ಲ. ಒಂದು ದಿನ ಅವರೆಲ್ಲರ ಮುಖಕ್ಕೆ ಹೇಳುವಷ್ಟು ಹೇಳಿ, ತಲೆಯೆತ್ತಿಕೊಂಡು ನಡೆದೇ ತವರಿಗೆ ಬಂದೆ. ಊರಿಗೆ ಊರೇ ಅಳುತ್ತಾ ಹಿಂದೆ ಬಂದಿತ್ತು. ನಲವತ್ತು ವರ್ಷ ಆಯಿತು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಕುರಿಯ ಮಾತು ತೆಗೆಯುತ್ತೇನೆ.

ಅತ್ತಿಗೆ ಗಂಗಕ್ಕ ದನಿ ತೆಗೆದರೆ ಆದೋನಿ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತದೆ. ಅಣ್ಣ ಅತ್ತಿಗೆಗೆ ಒಬ್ಬನೇ ಮಗ, ಗಾದಿಲಿಂಗ. ಅವನು ಸಂಕ್ರಾಂತಿ ಮುಗಿದ ಕೂಡಲೇ ಕುರಿ ಹೊಡೆದುಕೊಂಡು ಸಿರುಗುಪ್ಪದ ಕಾಲುವೆ ಸೀಮೆಗೆ ಹೋಗುತ್ತಾನೆ. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಮಂದೆ ತರುಬಿದರೆ ಗೊಬ್ಬರ ಬೀಳುತ್ತದೆ, ಗದ್ದೆಯವರು ಕಾಳು ಕೊಡುತ್ತಾರೆ. ಮಳೆ ಬೀಳುವ ತನಕ ಅವನ ಮನೆ ಅಲ್ಲೇ. ಅವನ ಹೆಂಡತಿ ಹರಿತಾ ಆಸ್ಪರಿಯವಳು, ತೆಲುಗು ಶಾಲೆಯಲ್ಲಿ ಹತ್ತನೆ ತನಕ ಓದಿದವಳು. ಬೆರಳು ಮಡಚುವುದನ್ನು ಕಲಿತ ಮೇಲೂ ನನ್ನ ಮಾತಿಗೆ ಪೂರ್ತಿ ನಗುತ್ತಿದ್ದವಳು ಆಕೆಯೊಬ್ಬಳೇ.

ಮಾಘಮಾಸದಲ್ಲಿ ಹರಿತಾಳಿಗೆ ಐದು ತಿಂಗಳು ತುಂಬುತ್ತಿತ್ತು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ನಿಂತಳು. ಅತ್ತಿಗೆ ಆಟೋ ಕರೆಸಿ ಆದೋನಿಗೆ ಕರೆದುಕೊಂಡು ಹೋದಳು. ಅಣ್ಣನೂ ಆಟೋದವನ ಪಕ್ಕ ಕೂತು ಹೋದ. ಮನೆಯಲ್ಲಿ ನಾನೊಬ್ಬಳೇ ಉಳಿದೆ. ಅಂದಿನ ರೊಟ್ಟಿಯನ್ನೆಲ್ಲ ನಾನೇ ತಟ್ಟಿ ಮುಗಿಸಿದೆ. ತಿನ್ನಲು ಯಾರೂ ಇರಲಿಲ್ಲ.

ಮಗು ಉಳಿಯಲಿಲ್ಲ.

ಮೂರನೆಯ ದಿನ ಹರಿತಾಳನ್ನು ಕರೆತಂದ ಅತ್ತಿಗೆ, ಅಂಗಳದಲ್ಲಿ ಕಾಲು ತೊಳೆಯುವ ಮೊದಲೇ ಶುರು ಮಾಡಿದಳು.

"ಇಕಿ ರಕ್ತ ನೆಗೆಟಿವ್ ಅಂತ ಉಚ್ಚಮ್ಮ. ನಾನಂದೆ, ನೆಗೆಟಿವ್ ಅಂದ್ರ ಒಳ್ಳೇದಲ್ಲೇನ್ರಿ, ಕೊರೊನಾದಾಗ ನೆಗೆಟಿವ್ ಬಂದೋರ್ನ ಮನಿಗೆ ಕಳಿಸ್ತಿದ್ರಿ. ಆ ದವಾಖಾನಿ ಡಾಕ್ಟ್ರು ನಗಲೂ ಇಲ್ಲ. ಮೂರು ದಿನದಾಗ ಒಂದು ಸೂಜಿ ಹಾಕಿಸ್ಬೇಕು, ನಮ್ಮಲ್ಲಿ ಇಲ್ಲ, ಹೊರಗಿಂದ ತರ್ರಿ, ಇಲ್ಲಾಂದ್ರ ಮುಂದಿನ ಬಸುರಿಗೆ ತೊಂದ್ರಿ ಅಂದ."

"ತಂದ್ರೇನು ಅತ್ತಿಗಿ?"

"ನಾನೇನು ದಡ್ಡಿ ಅದೀನೇನು? ನಮ್ಮೋಣ್ಯಾಗ ನರ್ಸಮ್ಮ ಹಾಕ್ತಾಳಲ್ಲ, ಮೂರು ತಿಂಗಳು ಮಕ್ಕಳಾಗಬಾರ್ದು ಅಂತ ಸೂಜಿ, ಅದೇ ಇದು. ಬಸುರಿನ ಮಾತು, ಸೂಜಿ ಮಾತು ಎರಡೂ ಒಟ್ಟಿಗೆ ಬಂದ್ರ ಅದೇ. ಒಂದು ಕಳಕೊಂಡು ಬಂದೀವಿ, ಇನ್ನೊಂದು ಬರದ ಹಂಗ ಮಾಡಿಸ್ಕೊಂಡು ಬರ್ಲೇನು? ನಮ್ಮ ಮನಿಗೆ ಬ್ಯಾಡ ಅಂದೆ. ಕಡ್ಡಿ ಮುರಿದಂಗ ಅಂದೆ."

ಅಣ್ಣ ಅವರ ಜತೆ ಬರಲಿಲ್ಲ. ಮೊದಲ ದಿನವೇ ರಾತ್ರಿ ಮನೆಗೆ ಬಂದು, ಮರುದಿನ ಬೆಳಿಗ್ಗೆ ಕುರಿಮದ್ದಿನ ಥರ್ಮಾಸು ಹಿಡಿದುಕೊಂಡು ಮತ್ತೆ ಆದೋನಿಗೆ ಹೋಗಿದ್ದ. ಮರಿಗಳಿಗೆ ಹಾಕುವ ಮದ್ದು ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ. ಬಿಸಿಲು ಕಂಡರೆ ಕೆಡುತ್ತದೆಂದು ಐಸು ತುಂಬಿದ ಅಗಲ ಬಾಯಿಯ ಹಳದಿ ಥರ್ಮಾಸಿನಲ್ಲಿ ತರುತ್ತೇವೆ. ಹರಿತಾ ಮನೆ ಸೇರಿದ ದಿನ ಅವನು ಆದೋನಿಯಿಂದಲೇ ನೇರ ಮಂದೆಗೆ ಹೋಗಿ ಮದ್ದು ಕೊಟ್ಟು ಬಂದ.

ನಮ್ಮಲ್ಲಿ ಒಂದು ಕಟ್ಟು ಇದೆ. ಹೆರಿಗೆಯಾದ, ಇಲ್ಲವೇ ಗರ್ಭ ಹೋದ ಕೋಣೆಯ ಹೊಸ್ತಿಲು ತುಳಿದ ಗಂಡಸು, ಅಮಾವಾಸ್ಯೆ ಕಳೆದು ಮಿಂದು ಬರುವ ತನಕ ಕುರಿಹಟ್ಟಿಯೊಳಗೆ ಕಾಲಿಡಬಾರದು. ಇಟ್ಟರೆ ಮರಿ ಸಾಯುತ್ತವೆ. ಅದಕ್ಕೇ ನಮ್ಮ ಗಂಡಸರು ಆಸ್ಪತ್ರೆಗೆ ಹೋದರೂ ಬೇವಿನ ಮರದ ಕೆಳಗೆ ಕೂತು ಬೀಡಿ ಸೇದಿ ಬರುತ್ತಾರೆ. ಅವ್ವಂದಿರು ಒಳಗೆ, ಅಪ್ಪಂದಿರು ಹೊರಗೆ.

ಮುಂದಿನ ವಾರ ಮಂದೆಯಲ್ಲಿ ಎಪ್ಪತ್ತು ಮರಿ ಸತ್ತವು. ಅಣ್ಣ ಏಳು ಎಂದ.

ಅತ್ತಿಗೆ ಅಂಗಳದಲ್ಲಿ ಕೂತು ಯಾರ ಮೈಲಿಗೆ ಎಂದು ಹುಡುಕಿದಳು. ಮಂದೆಯಲ್ಲಿದ್ದ ಗಾದಿಲಿಂಗ ಆಸ್ಪತ್ರೆಗೇ ಬಂದಿರಲಿಲ್ಲ. ಅಣ್ಣ ಹೊಸ್ತಿಲು ತುಳಿದಿಲ್ಲ, ಹೊರಗೇ ಇದ್ದ. ಕೊನೆಗೆ ಆಕೆಯ ಕಣ್ಣು ಹರಿತಾಳ ಕೈಯಲ್ಲಿದ್ದ ಫೋನಿನ ಮೇಲೆ ನಿಂತಿತು. ದಿನಾ ಸಂಜೆ ಮಾಳಿಗೆಯ ಮೇಲೆ, ನೀರಿನ ತೊಟ್ಟಿಯ ಪಕ್ಕ, ಹರಿತಾ ಗಂಡನ ಜತೆ ಮಾತಾಡುತ್ತಿದ್ದಳು. ಮಾತೆಂದರೆ ಆಕೆ ಅಳುವುದು, ಅವನು "ಹ್ಞೂಂ" ಎನ್ನುವುದು, ಹಿಂದೆ ಸಾವಿರ ಕುರಿ ಒದರುವುದು.

"ಫೋನ್ ತಾ ಇಲ್ಲಿ," ಅತ್ತಿಗೆ ಕೈಚಾಚಿದಳು. "ಅಮಾಸಿ ಹೋಗೋ ತನಕ ಮುಟ್ಟಬ್ಯಾಡ."

"ಫೋನ್ನಾಗ ಮೈಲಿಗಿ ಹೋಗ್ತೈತೇನು ಅತ್ತಿಗಿ?" ನಾನು ಕೇಳಿದೆ.

"ಮೈಲಿಗಿ ಹೋಗ್ಲಿಕ್ಕಿಲ್ಲ. ಅಳು ಹೋಗ್ತೈತಿ. ಆ ಕಿವಿ ಹೊತ್ಕೊಂಡು ಅವನು ಮರಿ ಎತ್ತಿಕೊಳ್ತಾನ."

ಹರಿತಾ ಫೋನು ಕೊಟ್ಟುಬಿಟ್ಟಳು. ಅಮಾವಾಸ್ಯೆ ಬಂತು, ಹೋಯಿತು. ಫೋನು ಅತ್ತಿಗೆಯ ಟ್ರಂಕಿನೊಳಗೇ ಉಳಿಯಿತು. ಆಮೇಲೆ ಆಕೆಯ ತಟ್ಟೆ ಬೇರೆಯಾಯಿತು, ಚೊಂಬು ಬೇರೆಯಾಯಿತು, ಹಾಸಿಗೆ ಮರಿಗಳ ಕೋಣೆಗೆ ಹೋಯಿತು. ಯಾರೂ ಹಾಗೆ ಮಾಡೆಂದು ಹೇಳಲಿಲ್ಲ. ತಿಂಗಳು ತುಂಬದೆ ಮರಿ ಕಳೆದುಕೊಂಡ ಕುರಿಯ ಬೆನ್ನಿಗೆ ನಾವು ಕೆಂಪು ಜಾಜು ಬಳಿದು ಬೇರೆ ಕಟ್ಟುತ್ತೇವೆ. ಅದು ಮನೆಯವರ ಕೈಗೆ ಅಭ್ಯಾಸವಾಗಿ ಹೋಗಿದೆ. ಊಟದ ಹೊತ್ತಿಗೆ ನಾನು ಇಲ್ಲದ ಕತೆಗಳನ್ನೆಲ್ಲ ತಂದು ಸುರಿದೆ. ಒಮ್ಮೆ ನಮ್ಮ ಹಳೆ ಟಗರು ಆದೋನಿಯ ಲಾರಿಗೆ ಡಿಕ್ಕಿ ಹೊಡೆದು ಲಾರಿ ಮಗುಚಿದ್ದು ಹೇಳಿದೆ. ಹರಿತಾ ಬೆರಳೂ ಮಡಚಲಿಲ್ಲ.

ಮೈಯಲ್ಲಿ ನಿತ್ರಾಣ ಇಳಿಯಲಿಲ್ಲ ಎಂದು, ತಿಂಗಳ ಮೇಲೆ, ಆದೋನಿಗೆ ಹೊಸದಾಗಿ ಬಂದಿದ್ದ ಒಬ್ಬ ಲೇಡಿ ಡಾಕ್ಟರ ಹತ್ತಿರ ಆಕೆಯನ್ನು ಕರೆದುಕೊಂಡು ಹೋದೆವು, ನಾನು ಮತ್ತು ಅತ್ತಿಗೆ. ಡಾಕ್ಟರು ಚಿಕ್ಕ ವಯಸ್ಸಿನವರು, ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡುವವರು. ನೆಗೆಟಿವ್ ರಕ್ತ ಎಂದು ಕೇಳಿದ ಕೂಡಲೇ ಇನ್ನೊಂದು ಪರೀಕ್ಷೆಗೆ ರಕ್ತ ತೆಗೆಸಿದರು. ಸಂಜೆಗೆ ಫಲಿತಾಂಶ ಬಂತು. ಪಾಸಿಟಿವ್.

"ನೋಡು, ಈಗ ಪಾಸಿಟಿವ್ ಆಗ್ಯಾಳ!" ಅತ್ತಿಗೆಯ ಮುಖ ಅರಳಿತು.

"ಇದು ಆ ಪಾಸಿಟಿವ್ ಅಲ್ಲಮ್ಮ," ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ರಕ್ತದ ಗುಂಪು ನೆಗೆಟಿವ್ವೇ. ಬಿಡ್ಡಕ್ಕೆ, ಅಂದ್ರೆ ಕೂಸಿಗೆ, ಅಪ್ಪನ ಗುಂಪು ಬಂದಿದ್ರೆ ಅದರ ರಕ್ತದಲ್ಲಿ ಒಂದು ಗುರುತು ಇರುತ್ತೆ, ಈ ಹುಡುಗಿ ರಕ್ತದಲ್ಲಿ ಇಲ್ಲದ್ದು. ಗರ್ಭ ಹೋಗೋವಾಗ ಅದು ಈಕೆ ರಕ್ತಕ್ಕೆ ಸೇರಿದ್ರೆ, ಈಕೆ ಮೈ ಅದನ್ನ ಹೊರಗಿಂದು ಅಂತ ಹೊಡೆಯೋಕೆ ಕಲಿಯುತ್ತೆ. ಕಲಿತದ್ದು ಮರೆಯಲ್ಲ. ಮುಂದಿನ ಬಿಡ್ಡ ಬಂದಾಗ ಅದರ ರಕ್ತಕ್ಕೂ ಕೈ ಹಾಕುತ್ತೆ, ಹುಟ್ಟಿದ್ರೂ ಹಳದಿಗೆ ತಿರುಗಿ ಹೋಗಬಹುದು. ಕಲಿಯದ ಹಂಗೆ ತಡೆಯೋದಕ್ಕೇ ಇಂಜೆಕ್ಷನ್. ಗರ್ಭ ಹೋದಾಗ ಇಂಜೆಕ್ಷನ್ ವೇಸಾರಾ ಲೇದಾ, ಹಾಕಿದ್ರಾ ಇಲ್ವಾ?"

ಹರಿತಾ ಬಾಯಿ ತೆರೆದಳು. ಅತ್ತಿಗೆ ಮುಂದಾದಳು.

"ಇಲ್ಲ. ನಾನು ಹಾಕ್ಸಿಲ್ಲ."

"ಅಮ್ಮಾಯಿ, ನಿನಗೇನಾದ್ರೂ ನೆನಪಿದೆಯಾ?"

"ನೋವಿನಾಗಿದ್ದೆ ಮೇಡಂ. ಅಲ್ಲಿ ಎಷ್ಟು ಸಲ ಚುಚ್ಚಿದ್ರೋ. ಯಾವುದು ಯಾವುದಕ್ಕ ಅಂತ ಗೊತ್ತಿಲ್ಲ."

"ನಾನು ಬಾಗಿಲಾಗೇ ಇದ್ದೆ," ಅತ್ತಿಗೆ ಎದೆ ತಟ್ಟಿಕೊಂಡಳು. "ಹಾಕ್ಸಿಲ್ಲ ಅಂದ್ರ ಹಾಕ್ಸಿಲ್ಲ."

ಡಾಕ್ಟರು ಆ ದವಾಖಾನೆಗೆ ಫೋನು ಮಾಡಿ ಕೇಳಿದರು. ತಮ್ಮಲ್ಲಿ ಆ ಮದ್ದೇ ಇರಲಿಲ್ಲ, ಹಾಕಿದ ನೆನಪು ಯಾರಿಗೂ ಇಲ್ಲ ಎಂದರಂತೆ. "ಹಾಗಾದ್ರೆ ಇದು ಮೈಯೇ ಮಾಡಿಕೊಂಡಿದ್ದು ಅನ್ಕೋಬೇಕು," ಎಂದು ಡಾಕ್ಟರು ನಿಧಾನವಾಗಿ ಹೇಳಿದರು. "ಮಕ್ಕಳೇ ಆಗಲ್ಲ ಅಂತಲ್ಲ. ಆದ್ರೆ ಬಸುರಾದ್ರೆ ಕರ್ನೂಲಿಗೋ ಹೈದರಾಬಾದಿಗೋ ಹೋಗಿ ಮೊದಲಿಂದ ನೋಡಿಸ್ಬೇಕಾಗುತ್ತೆ."

ಅತ್ತಿಗೆಯ ಕಿವಿಗೆ ಹೊಕ್ಕಿದ್ದು ಒಂದೇ. ದಾರಿಯುದ್ದಕ್ಕೂ ಆಟೋದಲ್ಲಿ ಅದನ್ನೇ ಅಗಿದಳು. "ಇಕಿ ರಕ್ತ ಕೂಸಿನ ರಕ್ತ ಹೊಡೀತೈತಂತ. ಕೇಳಿದ್ಯೋ ಇಲ್ಲೋ ಉಚ್ಚಮ್ಮ? ಹೊಟ್ಟ್ಯಾಗಿದ್ದದ್ದನ್ನ ಹೆತ್ತಾಕಿನೇ ಹೊಡೀತಾಳಂತ."

ಹರಿತಾ ಆಟೋದ ಅಂಚಿನಲ್ಲಿ ಕೂತು ಹತ್ತಿ ಹೊಲಗಳನ್ನು ನೋಡುತ್ತಿದ್ದಳು. ಹೊಲಗಳಲ್ಲಿ ಕಡ್ಡಿ ಮಾತ್ರ ಇದ್ದವು.

ಅತ್ತಿಗೆ ಸೋಲುವವಳಲ್ಲ. ಅದೇ ವಾರ ಹರಿತಾಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ಬೇರೆ ಲ್ಯಾಬಿನಲ್ಲಿ ರಕ್ತ ಕೊಡಿಸಿದಳು. ಅಲ್ಲಿ ಏನೂ ಕಾಣಲಿಲ್ಲ ಎಂದರು. ನೆಗೆಟಿವ್.

ಆ ರಾತ್ರಿಯ ಊಟದಲ್ಲಿ ಪುಂಡಿಪಲ್ಯವಿತ್ತು, ರೊಟ್ಟಿಯಿತ್ತು, ಜಗಳವಿತ್ತು.

"ಆದೋನ್ಯಾಗ ಐತಿ ಅಂತಾರ, ಬಳ್ಳಾರ್ಯಾಗ ಇಲ್ಲ ಅಂತಾರ. ಯಾವ ಊರಿನ ರಕ್ತ ನಂಬ್ಲಿ ನಾನು?" ಅತ್ತಿಗೆ ರೊಟ್ಟಿ ಮುರಿದಳು.

"ಇಲ್ಲ ಅಂದಿದ್ದು ನಂಬು," ನಾನಂದೆ. "ಬಳ್ಳಾರಿ ಲ್ಯಾಬು ಏಳು ಮಹಡಿ ಐತಿ."

"ನಿನ್ನ ಮಹಡಿ ನಿನ್ನ ಹತ್ರ ಇಟ್ಕೋ. ಇದ್ದದ್ದನ್ನ ಇಲ್ಲ ಅಂದು, ಮುಂದ ಬಂದ ಕೂಸೂ ಹೋದ್ರ? ಯುಗಾದಿ ಬರ್ಲಿ, ಆಸ್ಪರಿಯಿಂದ ಇವರಣ್ಣನ್ನ ಕರೆಸ್ತೀನಿ. ನಾಲ್ಕು ತಿಂಗಳು ತವರಾಗ ಇರ್ಲಿ."

"ನಾಲ್ಕು ತಿಂಗಳು ಆದ್ಮ್ಯಾಲ?" ಹರಿತಾ ಬಾಗಿಲ ಆಚೆಯಿಂದ ಕೇಳಿದಳು. ಆಕೆ ಅಲ್ಲೇ, ತನ್ನ ತಟ್ಟೆಯೊಂದಿಗೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು.

"ಆವಾಗ ನೋಡೋಣು."

"ಅತ್ತಾ, ಏನ್ ನೋಡ್ತೀರಿ?"

ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅವನು ಅರ್ಧ ರೊಟ್ಟಿ ಬಿಟ್ಟಿದ್ದ. ನಮ್ಮಣ್ಣ ರೊಟ್ಟಿ ಬಿಟ್ಟಿದ್ದನ್ನು ನಾನು ನೂರು ವರ್ಷದಲ್ಲಿ ಕಂಡಿರಲಿಲ್ಲ.

ಅಂದಿನಿಂದ ಹರಿತಾ ಕೆಲಸವನ್ನು ದುಪ್ಪಟ್ಟು ಮಾಡತೊಡಗಿದಳು. ನಲ್ಲಿ ಬರುವ ದಿನ ಓಣಿಯ ನೀರನ್ನೆಲ್ಲ ತಾನೇ ತುಂಬಿದಳು. ಅತ್ತಿಗೆಯ ಸೀರೆ ಒಗೆದಳು, ಕಂಬಳಿಗಳನ್ನು ಬಿಸಿಲಿಗೆ ಹಾಕಿದಳು, ಮರಿಗಳ ಕೋಣೆಯನ್ನು ಸಗಣಿಯಿಂದ ಸಾರಿಸಿ ರಂಗೋಲಿ ಎಳೆದಳು. ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಒಂದು ಮಧ್ಯಾಹ್ನ ನೋಡುತ್ತೇನೆ, ತಾಯಿಯಿಲ್ಲದ ಒಂದು ಮರಿಗೆ ಬಾಟಲಿ ಹಾಲು ಕುಡಿಸುತ್ತಾ ಕೂತಿದ್ದಾಳೆ. ಮರಿ ಕುಡಿದು ಮುಗಿಸಿ ನಿದ್ದೆ ಹೋಗಿತ್ತು. ಆಕೆ ಬಾಟಲಿ ಹಿಡಿದೇ ಇದ್ದಳು.

"ಉಚ್ಚತ್ತಿ, ನನ್ನನ್ನ ಕಳಿಸಿದ್ರ ನೀನು ಯಾರಿಗೆ ಕತಿ ಹೇಳ್ತೀ?"

"ಕುರಿಗೆ ಹೇಳ್ತೀನಿ. ಅವು ಭಾಗಿಸಲ್ಲ," ಅಂದೆ. ಆಕೆ ನಗಲಿ ಎಂದು ಕಾದೆ. ಮರಿ ಮಾತ್ರ ನಿದ್ದೆಯಲ್ಲಿ ಕಿವಿ ಅಲ್ಲಾಡಿಸಿತು.

ಯುಗಾದಿಗೆ ಮುಂಚೆ ಡಾಕ್ಟರು ಮತ್ತೊಮ್ಮೆ ಬರಹೇಳಿದ್ದರು. ಅತ್ತಿಗೆ ಬರಲಿಲ್ಲ. ನಾನೂ ಹರಿತಾಳೂ ಹೋದೆವು. ಬಳ್ಳಾರಿಯ ಮಾತನ್ನೂ ಹೇಳಿದೆವು. ಡಾಕ್ಟರು ಆದೋನಿಯಲ್ಲೇ ಮತ್ತೆ ಪರೀಕ್ಷೆ ಮಾಡಿಸಿದರು. ಈ ಸಲವೂ ಪಾಸಿಟಿವ್, ಆದರೆ ಮೊದಲಿಗಿಂತ ಕಡಿಮೆ, ಇದೆಯೋ ಇಲ್ಲವೋ ಅನ್ನುವಷ್ಟು.

"ಸ್ವಲ್ಪ ಇದ್ದಾಗ ಒಂದು ಲ್ಯಾಬಿಗೆ ಕಾಣುತ್ತೆ, ಇನ್ನೊಂದಕ್ಕೆ ಕಾಣಲ್ಲ," ಡಾಕ್ಟರು ಹುಬ್ಬು ಗಂಟಿಕ್ಕಿದರು. "ಅದು ಬಿಡಿ. ಕಡಿಮೆ ಆಗ್ತಾ ಇದೆಯಲ್ಲ, ಅದೇ ನನಗೆ ಒಗಟಿನ ಥರ ಇದೆ. ಇಂಜೆಕ್ಷನ್ ಹಾಕಿಸ್ಕೊಂಡವರಲ್ಲಿ ಹೀಗಾಗುತ್ತೆ. ಆ ಮದ್ದಿನಲ್ಲೂ ಇದೇ ವಸ್ತು ಇರೋದು. ಪರೀಕ್ಷೆ ಮಾಡಿದ್ರೆ ಮದ್ದಿನದೋ ಮೈಯದೋ ಗೊತ್ತಾಗಲ್ಲ, ಎರಡೂ ಪಾಸಿಟಿವ್ವೇ. ಮದ್ದಿನದಾದ್ರೆ ತಿಂಗಳುಗಟ್ಟಲೆ ಇದ್ದು ಮೆಲ್ಲಗೆ ಹೋಗಿಬಿಡುತ್ತೆ."

ಹರಿತಾಳಿಗೆ ಪೂರ್ತಿ ತಿಳಿದಂತೆ ಕಾಣಲಿಲ್ಲ. ನಾನು ಬಿಡಿಸಿ ಹೇಳಿದೆ. ಡಾಕ್ಟರಿಗಿಂತ ಹತ್ತುಪಾಲು ಚೆನ್ನಾಗಿ ಹೇಳಿದೆ.

"ನೋಡು, ಬ್ಯಾರೆ ಮಂದಿ ಮರಿ ನಮ್ಮ ಮಂದ್ಯಾಗ ಹೊಕ್ಕರ ನಮ್ಮ ನಾಯಿ ಮೂಸಿ ಮೂಸಿ ಅಟ್ಟೋದು ಕಲೀತೈತಿ. ಒಮ್ಮೆ ಕಲೀತಂದ್ರ ಸಾಯೋ ತನಕ ಬಿಡಂಗಿಲ್ಲ. ಅದಕ್ಕ ನಾವು ಮೊದ್ಲೇ ಬಾಡಿಗಿ ನಾಯಿ ತರ್ತೀವಿ. ನಮ್ಮ ನಾಯಿ ಏಳೋದ್ರಾಗ ಅವು ಆ ಮರೀನ ಹೊರಗ ಹಾಕ್ತಾವು. ನಮ್ಮ ನಾಯಿ ಮಲ್ಗೇ ಇರ್ತೈತಿ, ಏನೂ ಕಲಿಯಂಗಿಲ್ಲ. ಆಮ್ಯಾಲ ಬಾಡಿಗಿ ನಾಯಿ ತಮ್ಮೂರಿಗೆ ಹೋಗ್ತಾವು. ಇವರು ಕತ್ತಲಾಗ ನಿಂತು ಬೊಗಳೋದು ಕೇಳಿ, ನಾಯಿ ಐತಿ ಅಂತಾರ. ನಮ್ದೋ ಬಾಡಿಗೀದೋ ಅಂತ ಬೊಗಳೋದ್ರಾಗ ಹೆಂಗ ಗೊತ್ತಾಗ್ತೈತಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಷ್ಟೇ. ಅದಕ್ಕೇ ನಾನು ಮತ್ತೆ ಕೇಳ್ತಿರೋದು. ಬಾಡಿಗೆ ನಾಯಿ ತಂದಿದ್ರಾ ಇಲ್ವಾ? ಮನೇಲಿ ಎಲ್ಲರನ್ನೂ ಕೇಳಿ."

ಆ ಸಂಜೆ ಹರಿತಾ ಮೊದಲ ಸಲ ತನ್ನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಬಂದಳು. ಬೇಳೆಸಾರಿನ ಊಟ. ಅಣ್ಣ, ಅತ್ತಿಗೆ, ನಾನು ಕೂತಿದ್ದೆವು. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಒಳಗೇ ನಿಂತಳು. ಮಾವನೆದುರು ಸೊಸೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ನನ್ನನ್ನು ನೋಡಿ ಹೇಳಿದಳು.

"ಉಚ್ಚತ್ತಿ, ಸೂಜಿ ಹಾಕಿಸಿದ್ರ ನನ್ನ ರಕ್ತ ಕೆಟ್ಟಿಲ್ಲ ಅಂತ. ಹಾಕಿಸಿಲ್ಲ ಅಂದ್ರ ಕೆಟ್ಟೈತಿ ಅಂತ. ಎಲ್ಲಾರ್ನೂ ಕೇಳು ಅಂದಾರ ಡಾಕ್ಟ್ರು. ಕೇಳಕತ್ತೀನಿ."

"ಎಷ್ಟು ಸಲ ಹೇಳ್ಲಿ?" ಅತ್ತಿಗೆ ಸಿಡುಕಿದಳು. "ಹಾಕಿಸಿಲ್ಲ. ಶುಕ್ರವಾರ ನಿಮ್ಮಣ್ಣ ಬರ್ತಾನ. ಬಟ್ಟಿ ಕಟ್ಟಿಕೋ."

"ಹಾಕ್ಯಾರ," ಎಂದ ಅಣ್ಣ.

ಸಾರಿನ ಬಟ್ಟಲಿನ ಮೇಲೆ ಬಗ್ಗಿಯೇ ಹೇಳಿದ. ಅವನು ಮಾತಾಡಿದನೋ ಕೆಮ್ಮಿದನೋ ಎಂದು ನನಗೆ ಅನುಮಾನವಾಯಿತು.

"ಏನಂದಿ?" ಅತ್ತಿಗೆ.

"ಹಾಕ್ಯಾರ ಅಂದೆ. ನಾನು ತಂದುಕೊಟ್ಟೆ. ಮೆಡಿಕಲ್ ಶಾಪಿನಾಗ ಆದೋನಿ ತುಂಬ ಹುಡುಕಿದೆ. ಐಸಿನಾಗ ಇರಬೇಕು ಅಂದ್ರು. ಕುರಿಮದ್ದಿನ ಥರ್ಮಾಸು ಇತ್ತಲ್ಲ ಕೈಯಾಗ."

"ಯಾವಾಗ?"

"ಮೂರನೇ ದಿನ ಬೆಳಿಗ್ಗಿ. ನೀನು ಮಂಡಕ್ಕಿ ಒಗ್ಗರಣಿ ತಿನ್ನಾಕ ಹೋಗಿದ್ದಿ. ಒಳಗ ಹೋದೆ. ಹುಡುಗಿಗೆ ಎಚ್ಚರ ಇರಲಿಲ್ಲ. ಡ್ಯೂಟಿ ಬದಲಾಗೋ ಹೊತ್ತು, ಮನಿಗೆ ಹೊಂಟಿದ್ದ ನರ್ಸು ನನ್ನ ಮುಂದ ಚುಚ್ಚಿ ಹೋತು. ಯಾರಿಗೂ ಹೇಳಿತೋ ಇಲ್ಲೋ."

"ಒಳಗ ಹೋದಿ? ಆ ಕೋಣ್ಯಾಗ?" ಅತ್ತಿಗೆಯ ದನಿಗೆ ರೈಲಲ್ಲ, ನೊಣವೂ ನಿಲ್ಲುತ್ತಿರಲಿಲ್ಲ. "ಅಲ್ಲಿಂದ ಸೀದಾ ಹಟ್ಟಿಗೆ ಹೋದಿ?"

"ಮರಿಮದ್ದು ಐಸಿನಾಗ ಇತ್ತು. ಕಾಯೋ ಹಂಗಿರಲಿಲ್ಲ." ಅಣ್ಣ ಕೈ ಒರೆಸಿಕೊಂಡ. "ಮೈಲಿಗಿ ಈ ಹುಡುಗಿ ಫೋನ್ನಾಗ ಹೋಗಿದ್ದಲ್ಲ ಗಂಗಿ. ನನ್ನ ಕಾಲಾಗ ಹೋಗಿದ್ದು. ಏಳು ಮರಿ. ಹೇಳಬೇಕು ಅಂತಿದ್ದೆ. ಹೇಳಿದ್ರ ಮಗ ಏನಂತಾನ ಅಂತ ಬಾಯಿ ಕಟ್ಟಿತು."

"ನಾನು ಬ್ಯಾಡ ಅಂದಿದ್ದು ನಿನಗ ಗೊತ್ತಿತ್ತು!"

"ಗೊತ್ತಿತ್ತು."

"ಮತ್ತ ಯಾಕ ತಂದಿ?"

ಅಣ್ಣ ಬಟ್ಟಲನ್ನು ಹತ್ತಿರ ಎಳೆದುಕೊಂಡ. ಆಮೇಲೆ ಹೇಳಿದ. ಅತ್ತಿಗೆಗಲ್ಲ, ನನಗೂ ಅಲ್ಲ, ಮುಂದಿದ್ದ ಬಟ್ಟಲಿಗೆ.

"ಮುಂದಿನವು ಒಂದೂ ಉಳಿಯಲಿಕ್ಕಿಲ್ಲ ಅಂದ್ರು ಆ ಡಾಕ್ಟ್ರು. ನನಗ ನಮ್ಮ ಉಚ್ಚಮ್ಮ ತವರಿಗೆ ಬಂದಿದ್ದು ನೆನಪಾತು. ಗಾಡ್ಯಾಗ ತಂದು ಅಗಸಿ ಬಾಗಿಲಾಗ ಇಳಿಸಿ, ಗಾಡಿ ತಿರುಗಿಸ್ಕೊಂಡು ಹೋದ್ರು. ಒಂದು ಗಂಟು ಇತ್ತು. ಇಕಿ ಬಂದು ಈ ಹೊಸ್ತಿಲಾಗ ನಿಂತು, ನಾನೇ ಬಿಟ್ಟು ಬಂದೆ ಅಂದಳು. ಅವ್ವ ಅಪ್ಪ ನಾನು ಯಾರೂ ಏನೂ ಕೇಳಲಿಲ್ಲ. ನೀರು ಕೊಟ್ವಿ. ಅಷ್ಟೇ."

ಇದ್ದದ್ದನ್ನು ಇದ್ದಷ್ಟೇ ಹೇಳುವ ಬಾಯಿ. ನಾನು ಮೊದಲೇ ಹೇಳಿದೆನಲ್ಲ, ಅವನನ್ನು ಏನೂ ಕೇಳಬೇಡಿ ಎಂದು.

ನಾನು ಎದ್ದು ಒಲೆಯ ಹತ್ತಿರ ಹೋದೆ. ಸಾರು ಕುದಿಯುತ್ತಿರಲಿಲ್ಲ, ಆದರೂ ಸೌಟು ಆಡಿಸಿದೆ.

ಅತ್ತಿಗೆ ಟ್ರಂಕು ತೆರೆದ ಸದ್ದು ಕೇಳಿಸಿತು. ಫೋನು ತಂದು ಅಣ್ಣನ ಮುಂದೆ ಇಟ್ಟಳು. "ಮಗನಿಗೆ ನೀನೇ ಹೇಳು." ಅದರಲ್ಲಿ ಚಾರ್ಜು ಇರಲಿಲ್ಲ. ಚಾರ್ಜಿಗೆ ಹಾಕಿ ಎಲ್ಲರೂ ಅದರ ಸುತ್ತ ಕೂತೆವು, ಹೆಣದ ಸುತ್ತ ಕೂತ ಹಾಗೆ.

ಗಾದಿಲಿಂಗ ಫೋನು ಎತ್ತಿದ. ಅಣ್ಣ ಹೇಳಿದ. ಆ ಕಡೆ ಗಂಟೆಯ ಸದ್ದು, ಯಾವುದೋ ಮರಿಯ ಕೂಗು.

"ಲೇ ಗಾದೀ, ಕೇಳ್ಸಿತೇನೋ?"

"ಕೇಳ್ಸಿತಪ್ಪ." ಮತ್ತೆ ಗಂಟೆ. "ಮರಿ ಹೊಟ್ಟಿ ಉಬ್ಬಿ ಸತ್ತವು. ಕಾಲುವಿ ದಂಡ್ಯಾಗ ಹಸಿ ಮೇವು ಸಿಕ್ತು, ಅತಿಯಾಗಿ ತಿಂದವು. ಹೋದ ವರ್ಷನೂ ಸತ್ತಿದ್ವು."

"ಮತ್ತ ಅವಾಗೇ ಯಾಕ ಹೇಳಲಿಲ್ಲೋ?" ಅತ್ತಿಗೆ ಫೋನಿನೊಳಗೆ ಕೂಗಿದಳು.

"ನೀನು ಏನ್ ಆತು ಅಂತ ಕೇಳಲಿಲ್ಲವ್ವ. ಯಾರಿಂದ ಆತು ಅಂತ ಕೇಳಿದಿ." ಸ್ವಲ್ಪ ತಡೆದು, "ಹರಿತಾಗ ಕೊಡ್ರಿ," ಎಂದ.

ಹರಿತಾ ಫೋನು ಹಿಡಿದು ಮಾಳಿಗೆ ಹತ್ತಿದಳು. ಅಂದು ಅಳುವ ಸದ್ದು ಬರಲಿಲ್ಲ. ಮಾತಿನ ಸದ್ದೂ ಬರಲಿಲ್ಲ. ಬಹುಶಃ ಇಬ್ಬರೂ ಕುರಿಗಳ ಸದ್ದು ಕೇಳುತ್ತಾ ಕೂತಿದ್ದರು.

ಶುಕ್ರವಾರ ಆಸ್ಪರಿಯಿಂದ ಬಂದ ಹರಿತಾಳ ಅಣ್ಣನಿಗೆ ಅತ್ತಿಗೆ ಹೋಳಿಗೆ ಬಡಿಸಿ, ಹಬ್ಬಕ್ಕೆ ಕರೆದೆ ಎಂದು ಸುಳ್ಳು ಹೇಳಿ ಕಳಿಸಿದಳು. ಎಂಥ ಸುಳ್ಳು! ನನಗೂ ಅಷ್ಟು ಸಲೀಸಾಗಿ ಬರುವುದಿಲ್ಲ. ಹರಿತಾಳ ತಟ್ಟೆ ಒಳಗೆ ಬಂತು. ಆದರೆ ಅತ್ತಿಗೆ ಆಕೆಯ ಕಣ್ಣು ನೋಡಿ ಮಾತಾಡಲು ಮಳೆಗಾಲದ ತನಕ ಆಗಲಿಲ್ಲ. ರೊಟ್ಟಿ ಹಾಕುವಾಗ ಒಂದು ಹೆಚ್ಚು ಹಾಕುತ್ತಿದ್ದಳು, ಅಷ್ಟೇ. ಹಾಸಿಗೆಯನ್ನು ಮಾತ್ರ ಹರಿತಾ ತಾನೇ ಮರಿಗಳ ಕೋಣೆಯಿಂದ ತರಲಿಲ್ಲ. ಗಾದಿಲಿಂಗ ಬಂದು ಎತ್ತಿಕೊಂಡು ಬರುವ ತನಕ ಅದು ಅಲ್ಲೇ ಇತ್ತು.

ಮತ್ತೆ ಪರೀಕ್ಷೆಯಾಗುವ ತನಕ ಏನನ್ನೂ ಗಟ್ಟಿ ಹೇಳಲಾಗದು ಎಂದಿದ್ದರು ಡಾಕ್ಟರು. ಶ್ರಾವಣದಲ್ಲಿ ಹೋದೆವು. ಗಾದಿಲಿಂಗ ಆಸ್ಪತ್ರೆಯೊಳಗೆ ಬಂದು ಬೆಂಚಿನ ಮೇಲೆ ಕೂತ. ಬೇವಿನ ಮರದ ಕೆಳಗೆ ಕೂರಲಿಲ್ಲ.

"ಏನೂ ಇಲ್ಲ," ಎಂದರು ಡಾಕ್ಟರು. "ಬಾಡಿಗೆ ನಾಯಿಗಳು ಊರಿಗೆ ಹೋದ್ವು. ನಿಮ್ಮ ನಾಯಿ ಮಲಗೇ ಇದೆ. ಬಸುರಾದ ಕೂಡಲೇ ನನ್ನ ಹತ್ರ ಬರಬೇಕು. ಏಳನೇ ತಿಂಗಳಿಗೆ ಒಂದು ಇಂಜೆಕ್ಷನ್, ಹೆರಿಗೆ ಆದ ಮೇಲೆ ಬಿಡ್ಡದ ಗುಂಪು ನೋಡಿ ಇನ್ನೊಂದು. ಈ ಸಲ ಥರ್ಮಾಸು ಬೇಡ, ನಾನೇ ತರಿಸಿಡ್ತೀನಿ."

ಎಲ್ಲರೂ ಏಳುವಾಗ ನಾನು ಕೈ ಚಾಚಿದೆ. "ನಂದೂ ನೋಡ್ರಿ ಡಾಕ್ಟ್ರೇ. ನಂದು ಭಾಳ ದೊಡ್ಡ ಗುಂಪು ಇರಬೇಕು. ರಾಜರ ಗುಂಪು."

ಬೆರಳಿನ ತುದಿಯಿಂದ ಒಂದು ಕೊಡ ರಕ್ತ ತೆಗೆದರು. ನೆಗೆಟಿವ್.

ಡಾಕ್ಟರು ನನ್ನನ್ನು ನೋಡಿದರು. "ಅಮ್ಮಾ, ನಿಮಗೆ ಮಕ್ಕಳು?"

"ನಮ್ಮ ಮನ್ಯಾಗ ಎರಡು ಸಾವಿರ ಕುರಿ ಅದಾವ್ರಿ," ಅಂದೆ.

ಅವರು ಮತ್ತೆ ಕೇಳಲಿಲ್ಲ. "ಈಗ ಇದೊಂದರಿಂದ ಏನೂ ಹೇಳೋಕಾಗಲ್ಲ," ಎಂದು ಮೆಲ್ಲಗೆ ಅಂದು, ನನ್ನ ಬೆರಳಿಗೆ ಹತ್ತಿ ಒತ್ತಿದರು.

ಗಾದಿಲಿಂಗ ಸಂತೆ ಮುಗಿಸಿ ಆಮೇಲೆ ಊರಿಗೆ ಬರುತ್ತೇನೆಂದು ಹೋದ. ನಾನೂ ಹರಿತಾಳೂ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಕೂತೆವು. ಮಿರ್ಚಿ ನನ್ನ ತೋಳಿನಷ್ಟು ಉದ್ದವಿತ್ತು. ಆಕೆ ಅದರಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು.

"ಉಚ್ಚತ್ತಿ, ನಿನಗ ಎಷ್ಟು ಹೋದವು?"

ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ನಲವತ್ತು ವರ್ಷದಲ್ಲಿ ಯಾರೂ ಇದನ್ನು ಹೀಗೆ ಕೇಳಿರಲಿಲ್ಲ. ಮಕ್ಕಳೆಷ್ಟು ಎಂದು ಕೇಳಿದ್ದರು, ಹೋದದ್ದೆಷ್ಟು ಎಂದಲ್ಲ. ಬಾಯಿಯ ಖಾರ ಇಳಿಯಲಿ ಎಂದು ಕಾದೆ.

"ಮೊದ್ಲಿಂದು ಹೊಟ್ಟ್ಯಾಗೇ ಹೋತು. ಉಳಿದವು ಹುಟ್ಟಿದ್ವು. ಹುಟ್ಟಿ ಅರಿಷಿಣ ಬಣ್ಣಕ್ಕ ತಿರುಗಿದ್ವು. ಒಂದಕ್ಕ ಕೂದಲು ಭಾಳ ಇತ್ತು." ಕಾಗದದಲ್ಲಿ ಉಳಿದ ಮಂಡಕ್ಕಿಯನ್ನು ಒಟ್ಟುಮಾಡಿದೆ. "ನಾಲ್ಕು."

ಅಭ್ಯಾಸದಿಂದ ಹರಿತಾಳ ಬೆರಳು ಮಡಚಿಕೊಳ್ಳತೊಡಗಿದವು. ನಾನು ಆ ಕೈಯನ್ನು ಹಿಡಿದುಕೊಂಡೆ.

"ಇದನ್ನ ಭಾಗಿಸಬ್ಯಾಡವ್ವ. ಇದು ಅಷ್ಟೇ."

ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ಹೊಳಗುಂದದ ಬಸ್ಸು ಬಂತು. ಅದರೊಳಗೆ ಐನೂರು ಜನ ಇದ್ದರು, ಮೇಲೆ ಕುರಿಗಳು ಬೇರೆ. ಕಿಟಕಿಯ ಪಕ್ಕ ಇಬ್ಬರಿಗೆ ಜಾಗವಿತ್ತು.